ಎಂಟು ಸಂಖ್ಯೆಗೂ ಗೀಟು

ಕೆಂಪು ಶಾಯಿ ಬೆರಳಿನಿಂದ ಸೀರೆಗೂ ಮೆತ್ತಿತಲ್ಲ, ಇರಲಿ, ಮಧ್ಯಾಹ್ನದ ಕಟ್ಟಿನಲ್ಲಿ ಇನ್ನು ಆರೇ ಉತ್ತರಪತ್ರಿಕೆ, ಬೆನ್ನು ಬಿದ್ದುಹೋಗಿದೆ, ಗಾಣದೆತ್ತಿಗಾದರೂ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಗಣಿತದ ಟೀಚರಿಗೆ ಆ ಭಾಗ್ಯವೂ ಇಲ್ಲ — ಹದಿನೇಳನೆಯ ಪ್ರಶ್ನೆ, ಮೂರನೇ ಘಾತದ ಬಹುಪದೋಕ್ತಿ, ಎರಡು ಎಕ್ಸ್ ಘನ, ಕಳೆ ಮೂರು ಎಕ್ಸ್ ವರ್ಗ, ಕಳೆ ಎಂಟು ಎಕ್ಸ್, ಕೂಡು ಮೂರು, ಅದರ ಭಾಗಲಬ್ಧ ಶೂನ್ಯತೆಗಳನ್ನು ಕಂಡುಹಿಡಿಯಿರಿ, ಐದು ಅಂಕ, ಕೊನೆಯ ಮೂರರ ಅಪವರ್ತನಗಳನ್ನು ಮೊದಲ ಎರಡರ ಅಪವರ್ತನಗಳಿಂದ ಭಾಗಿಸಿದರೆ ಧನ ಋಣ ಸೇರಿ ಎಂಟು ಸಂಖ್ಯೆ, ಎಂಟು ಜನ ಸಂದರ್ಶನಕ್ಕೆ ಬಂದಿದ್ದಾರೆ ಮಕ್ಕಳೇ, ಒಬ್ಬೊಬ್ಬರನ್ನೇ ಎಕ್ಸ್ ಜಾಗಕ್ಕೆ ಕರೀರಿ, ಸೊನ್ನೆ ತಂದವನಿಗೇ ಕೆಲಸ, ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಅದೇ ಜೋಕು, ಅವಳಿಗೇ ನಗು ಬರುವುದಿಲ್ಲ. ಈ ಹುಡುಗ ಎಂಟಕ್ಕೂ ಸ್ಕೇಲಿಟ್ಟು ಗೀಟೆಳೆದಿದ್ದಾನೆ, ಯಾವುದೂ ಆಗುವುದಿಲ್ಲ, ಎರಡು ಸಲ ನೋಡಿದೆ ಅಂತ ಕೆಳಗೆ ಬರೆದಿದ್ದಾನೆ. ಉತ್ತರಸೂಚಿಯಲ್ಲಿ ಮೂರು, ಋಣ ಒಂದು, ಋಣ ಅರ್ಧ ಅಂತ ಇದೆಯಲ್ಲಪ್ಪ, ಪೆನ್ನು ಸೊನ್ನೆ ಸುತ್ತಲು ಹೊರಟಿತು, ನಿಂತಿತು — ಬೆಳಗಿನ ಕಟ್ಟಿನಲ್ಲೂ ಇಂಥದೇ ಒಂದು, ಎಂಟು ಗೀಟು, ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಅಂತ ಪಕ್ಕದವಳಿಗೆ ತೋರಿಸಿ ನಕ್ಕು ಸೊನ್ನೆ ಹಾಕಿದ್ದಳು, ಒಟ್ಟು ಮೂವತ್ತಮೂರು, ಪಾಸಿಗೆ ಮೂವತ್ತೈದು. ಮುಖ ನೋಡದ ಇಬ್ಬರು ಒಂದೇ ತಪ್ಪು ಮಾಡುತ್ತಾರೆಯೇ, ಮೂರನ್ನೇ ಹಾಕಿ ನೋಡಿದಳು, ಐವತ್ತನಾಲ್ಕು, ಇಪ್ಪತ್ತೇಳು ಕಳೆ, ಇಪ್ಪತ್ತನಾಲ್ಕು ಕಳೆ, ಉಳಿದದ್ದು ಮೂರು, ಅದಕ್ಕೆ ಮೂರು ಕೂಡಿಸಿದರೆ ಆರು, ಸೊನ್ನೆಯಲ್ಲ, ಆರು. ಪ್ರಶ್ನೆಪತ್ರಿಕೆಯಲ್ಲಿ ಕೂಡು ಮೂರು, ಉತ್ತರಸೂಚಿಯಲ್ಲಿ ಕಳೆ ಮೂರು. ಅಚ್ಚಿನವರು ಚಿಹ್ನೆ ತಿರುಗಿಸಿದ್ದಾರೆ, ಲೆಕ್ಕವನ್ನು ಎಳೆದಾಡಿ ಮೂರು ಬರೆದವರಿಗೆಲ್ಲ ಇದೇ ಕೈ ಐದೈದು ಕೊಟ್ಟಿದೆ, ಈ ಹುಡುಗ ಎರಡು ಸಲ ನೋಡಿದ್ದಾನೆ, ತಾನು ಒಂದು ಸಲವೂ ನೋಡಲಿಲ್ಲ, ನಾಚಿಕೆಯಾಯಿತು.

ಕಾಲೆಳೆದುಕೊಂಡು ಮುಖ್ಯ ಪರೀಕ್ಷಕರ ಮೇಜಿಗೆ ಹೋದಳು, ಅವರು ಪ್ರಶ್ನೆಪತ್ರಿಕೆ, ಉತ್ತರಸೂಚಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು, ಬೆಳಗಿನ ಕಟ್ಟಿಗೆ ಅರಗು ಬಿದ್ದಾಯ್ತಲ್ಲ ಮೇಡಂ, ಅದನ್ನ ಒಡೀಬೇಕಂದ್ರೆ ತಪ್ಪು ನನ್ನದು ಅಂತ ನೀವೇ ಬರ್ಕೊಡ್ಬೇಕು, ಮುಂದಿನ ವರ್ಷ ನಿಮ್ಮನ್ನ ಕರೆಯೋದಿಲ್ಲ, ಯೋಚ್ನೆ ಮಾಡಿ. ಕರೆಯದಿದ್ದರೆ ಬೆನ್ನಿಗೆ ಒಳ್ಳೆಯದೇ, ಆದರೂ ಇಷ್ಟು ವರ್ಷದ ಹೆಸರು, ಇನ್ನೊಬ್ಬರು ಮಾಡಿದ್ದನ್ನು ತನ್ನ ತಲೆಗೆ ಕಟ್ಟಿಕೊಳ್ಳುವುದೇ, ಸುಮ್ಮನೆ ಮನೆಗೆ ಹೋದರೆ ಯಾರು ಕೇಳುತ್ತಾರೆ, ಯಾರೂ ಇಲ್ಲ. ಬಿಳಿ ಹಾಳೆ ಎಳೆದುಕೊಂಡಳು, ತಪ್ಪು ಅಂತ ಬರೆದಳು, ಕೈ ಮುಂದೆ ಹೋಗಲಿಲ್ಲ — ಬೆಳಗಿನ ಆ ಪುಟ, ಅಲ್ಲೂ ಕೆಳಗೆ ಏನೋ ಇತ್ತು, ಓದಿಯೇ ನಕ್ಕಿದ್ದಳು, ಎಂಟು ಸಂಖ್ಯೆ, ಎಂಟು ಗೀಟು, ಅದರ ಕೆಳಗೆ ಪುಟ್ಟ ಅಕ್ಷರದಲ್ಲಿ, ತಪ್ಪು ನನ್ನದೇ ಇರಬೇಕು ಟೀಚರ್.