ತಾಮ್ರದ ಚೇಂಬರು

ಕಾರಿನ ಹೊಟ್ಟೆಯ ಕೆಳಗಿನಿಂದ ಶುರು ಮಾಡಲೇ? ಅಲ್ಲಿ ಖಲಂದರ ಅಂಗಾತ ಮಲಗಿದ್ದಾನೆ, ಗಡ್ಡದ ಮೇಲೆ ಕರಿ ಎಣ್ಣೆ ತೊಟ್ಟಿಕ್ಕುತ್ತಿದೆ. ಓಪನಿಂಗ್ ಅಂದರೆ ಹೀಗಿರಬೇಕು. ಆದರೆ ಓದುಗರೇ, ಅವನು ಯಾರು, ಯಾಕೆ ಮಲಗಿದ್ದಾನೆ ಅಂತ ಹೇಳದೆ ನಿಮ್ಮನ್ನೂ ಅವನ ಪಕ್ಕ ಮಣ್ಣಿನಲ್ಲಿ ಮಲಗಿಸುವುದು ಸರಿಯಲ್ಲ. (ಮೊದಲ ಡ್ರಾಫ್ಟಿನಲ್ಲಿ ಮಲಗಿಸಿದ್ದೆ. ಹರಿದು ಹಾಕಿದೆ.) ಏಳಿ, ಮೈ ಕೊಡವಿಕೊಳ್ಳಿ. ಅವತ್ತಿನ ಬೆಳಗಿಗೆ ಹೋಗೋಣ.

೧

ಸಾವಿರದ ಒಂಬೈನೂರ ನಲವತ್ತಮೂರು, ಸವಣೂರು. ಖಲಂದರ ಬಾಡಿಗೆ ಮೋಟಾರಿನವನು. ಕಾರು ಎಷ್ಟು ಹಳೆಯದೆಂದರೆ, ಏರು ಬಂದಾಗ ಅವನು ಅದರ ಜೊತೆ ಮಾತಾಡಬೇಕಾಗುತ್ತಿತ್ತು.

ಹಿಂದಿನ ಸೀಟಿನಲ್ಲಿ ಗೋಪಿಕಾಬಾಯಿ. ಗಂಡ ತೀರಿಕೊಂಡ ಮೇಲೆ ಮಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡವರು. ಮಗಳು ಪದ್ಮಾಬಾಯಿ ಹಿರೇಕೆರೂರಿನಲ್ಲಿ ದಿನ ತುಂಬಿ ಕೂತಿದ್ದಳು. ಅತ್ತೆ ಹಾಸಿಗೆ ಹಿಡಿದಿದ್ದರಿಂದ ತವರಿಗೆ ಬರುವಂತಿರಲಿಲ್ಲ. ಹಿಂದಿನ ಸಲವೂ ಹೀಗೇ ಆಗಿತ್ತು. ಗೋಪಿಕಾಬಾಯಿ ಚಕ್ಕಡಿಯಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಕೂಸು ಹುಟ್ಟಿ, ಹೋಗಿಯೂ ಆಗಿತ್ತು. ಪದ್ಮಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. “ಅವ್ವಾ, ನೀ ಇರಬೇಕಾಗಿತ್ತು” ಅಂದಿದ್ದಳು, ಅಷ್ಟೇ.

ಅದಕ್ಕೇ ಈ ಸಲ ಮೋಟಾರು. ಪಕ್ಕದಲ್ಲಿ ದೊಡ್ಡದೊಂದು ತಾಮ್ರದ ಹಂಡೆ, ಬಾಣಂತಿಗೂ ಕೂಸಿಗೂ ನೀರು ಕಾಯಿಸಲಿಕ್ಕೆ. ಪದ್ಮಾ ಹುಟ್ಟಿದಾಗ ಮೊದಲ ನೀರು ಕಾದದ್ದೂ ಅದರಲ್ಲೇ.

೨

ಶಿಗ್ಗಾಂವಿ ದಾಟಿತು, ಬಂಕಾಪುರ ದಾಟಿತು. ಹಾನಗಲ್ಲು ಇನ್ನೇನು ಬಂತು ಅನ್ನುವಾಗ ಕೆಳಗೆ ಏನೋ ಠಣ್ ಅಂದಿತು.

“ಖಲಂದರ, ಹಿಂದ ರಸ್ತೆ ಮ್ಯಾಲ ಕರೀ ಗೆರಿ ಬರ್ಲಿಕ್ಕತ್ತದ ನೋಡು.”

ಅವನು ತಕ್ಷಣ ಎಂಜಿನ್ ನಿಲ್ಲಿಸಿ ಕಾರಿನ ಕೆಳಗೆ ತೂರಿದ. (ಈಗ ಬೇಕಾದರೆ ನೀವೂ ಬಗ್ಗಿ ನೋಡಬಹುದು.) ಎಂಜಿನ್ನಿನ ತಳಕ್ಕೆ, ಎಣ್ಣೆ ನಿಲ್ಲಲೆಂದು, ಒಂದು ತಗಡಿನ ಬೋಗುಣಿ ಬಿಗಿದಿರುತ್ತದೆ. ಮೋಟಾರಿನವರು ಅದಕ್ಕೆ ಚೇಂಬರು ಅನ್ನುತ್ತಾರೆ. ಕಲ್ಲು ಬಡಿದು ಅದು ಸೀಳಿತ್ತು. ಖಲಂದರ ಸೀಳಿಗೆ ಸಾಬೂನು ಒತ್ತಿ, ಡಬ್ಬಿಯಿಂದ ಒಂದಿಷ್ಟು ಎಣ್ಣೆ ಸುರಿದು ಹೊರಟ. ಎಂಜಿನ್ ಬಿಸಿಯಾದದ್ದೇ ಸಾಬೂನು ಕರಗಿ ಬಿತ್ತು.

ಕೊನೆಗೆ ಯಾರದೋ ಎತ್ತುಗಳನ್ನು ಕಟ್ಟಿ ಕಾರನ್ನು ಎಳೆಸಿಕೊಂಡು ಹಾನಗಲ್ಲಿಗೆ ಬಂದರು. ಗೋಪಿಕಾಬಾಯಿ ಕೆಳಗಿಳಿಯಲಿಲ್ಲ. ಈ ಸಲವೂ ಎತ್ತುಗಳೇ ಅಂತ ಅವರಿಗೆ ಅಳು ಬಂದಿತ್ತು. ಮುಖ ಮಾತ್ರ ನೆಟ್ಟಗೆ ಮುಂದಕ್ಕೇ ಇತ್ತು.

೩

(ಇಲ್ಲಿ ಮಹಾಯುದ್ಧದ ಬಗ್ಗೆ, ಮುಂಬಯಿಯಿಂದ ಬಿಡಿಭಾಗಗಳು ಬಾರದಿದ್ದ ಬಗ್ಗೆ ಎರಡು ಪುಟ ಬರೆದಿದ್ದೆ. ಗೋಪಿಕಾಬಾಯಿ ಕಾರಿನೊಳಗಿನಿಂದಲೇ ಗದರಿಸಿದರು: “ನನ್ನ ಮಗಳು ಅಲ್ಲೆ ಬ್ಯಾನಿ ತಿನ್ಲಿಕ್ಕತ್ತಿರಬಹುದು, ನೀ ಯಾಕ ಬರ್ಮಾಕ್ಕ ಹೊಂಟಿ?” ತೆಗೆದುಹಾಕಿದೆ.)

೪

ಬಂದೇಸಾಬ ಹಾನಗಲ್ಲಿನಲ್ಲಿ ತಾಮ್ರದ ಪಾತ್ರೆ ಬಡಿಯುವವನು. ಬಿಚ್ಚಿ ತಂದ ಚೇಂಬರನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದಕ್ಕ ಬೆಸುಗಿ ನಿಲ್ಲೂದಿಲ್ಲೋ ಖಲಂದರ. ತಳಾನ ಹೋಗೇತಿ. ಹೊಸಾದ ಬಡೀಬೇಕು.”

“ಬಡೀರಿ ಮತ್ತ, ಚಾಚಾ.”

“ತಗಡು ಎಲ್ಲಿಂದ ತರ್ಲಿ? ತಾಮ್ರ ಎಲ್ಲಾ ಲಡಾಯಿಗೆ ಹೋಗಾಕತ್ತೇತಿ.”

ಹಾಗಂದು ಬಂದೇಸಾಬ ಕಾರಿನ ಕಡೆ ನೋಡಿದ. ಖಲಂದರನೂ ನೋಡಿದ. ಇಬ್ಬರೂ ಗಡಬಡಿಸಿ ಬೇರೆ ಕಡೆ ನೋಡಿದರು.

“ಹಂಡೆ ಯಾಕ ನೋಡ್ಲಿಕ್ಕತ್ತೀರಿ ಇಬ್ಬರೂ?” ಗೋಪಿಕಾಬಾಯಿ ಕೇಳಿದರು.

“ಇಲ್ರೀ ಬಾಯಾರ. ನೋಡಿಲ್ರಿ.”

“ನೋಡೀರಿ.”

ಇಲ್ಲಿ ಅವರ ಬಾಯಲ್ಲಿ ಆಡಿಸಲೆಂದು ಒಂದು ದೊಡ್ಡ ಸ್ವಗತ ಬರೆದಿಟ್ಟುಕೊಂಡಿದ್ದೆ: ತವರು, ಪರಂಪರೆ, ತಾಮ್ರದ ಹೊಳಪು, ಒಂದು ಹನಿ ಕಣ್ಣೀರು. ಅವರು ಅವಕಾಶವನ್ನೇ ಕೊಡಲಿಲ್ಲ. ಹಂಡೆಯನ್ನು ತಾವೇ ಎತ್ತಿ ತಂದು ಬಂದೇಸಾಬನ ಮುಂದೆ ಇಟ್ಟರು.

“ಕಡೀರಿ.”

“ಬಾಯಾರ, ಕೂಸಿನ ನೀರಿಂದರೀ ಅದು,” ಅಂದ ಖಲಂದರ. ಅವನ ದನಿ ಇಳಿದಿತ್ತು.

“ಕೂಸು ಇದ್ದರ ನೀರು. ಕಡೀರಿ.”

ಮೊದಲ ಏಟು ಬಿದ್ದಾಗ ಮಾತ್ರ ಅವರು ಮುಖ ತಿರುಗಿಸಿದರು. ಆಮೇಲೆ ತಿರುಗಿಸಲಿಲ್ಲ. ದಿನಾ ತಿದಿ ಒತ್ತುವ ಬಂದೇಸಾಬನ ತಮ್ಮ ಅವತ್ತು ಊರಲ್ಲಿರಲಿಲ್ಲ. ಖಲಂದರನ ಎರಡೂ ಕೈ ತಗಡು ಹಿಡಿಯುವುದರಲ್ಲಿದ್ದವು. ಕುಲುಮೆ ಮಂಕಾಗುತ್ತಿತ್ತು. ಗೋಪಿಕಾಬಾಯಿ ಸೆರಗು ಸಿಕ್ಕಿಸಿಕೊಂಡು ತಿದಿಯ ಮುಂದೆ ಕೂತೇಬಿಟ್ಟರು.

“ಅವ್ವಾರ, ಮೈಲಿಗಿ ಆಗ್ತೈತ್ರೀ!” ಬಂದೇಸಾಬ ಗಾಬರಿಯಾದ.

“ಹಿರೇಕೆರೂರಾಗ ಸ್ನಾನ ಮಾಡ್ತೇನಿ. ನಿನ್ನ ಬೆಂಕಿ ಆರ್ಲಿಕ್ಕತ್ತದ, ಅದನ್ನ ನೋಡು.”

ಹಂಡೆ ತಗಡಾಯಿತು, ತಗಡು ಬೋಗುಣಿಯಾಯಿತು. ನೀರು ತುಂಬಿ ನೋಡಿದರೆ ಒಂದು ಮೂಲೆ ಜಿನುಗಿತು. ಬಂದೇಸಾಬ ತನ್ನನ್ನೇ ಬೈದುಕೊಂಡು ಇನ್ನೊಮ್ಮೆ ಬೆಸುಗೆ ಹಾಕಿದ. ಈ ಸಲ ನಿಂತಿತು. ಖಲಂದರ ಅದನ್ನು ಒರೆಸಿ, ಎಣ್ಣೆ ಸೋರದಂತೆ ಹಳೆ ಕಾರ್ಕಿನ ಪಟ್ಟಿಯನ್ನೇ ನಡುವೆ ಕೂರಿಸಿ, ಬೋಲ್ಟು ಬಿಗಿದು, ಉಳಿದ ಎಣ್ಣೆ ಸುರಿದ. ಎಂಜಿನ್ ಕೆಮ್ಮಿ ಎದ್ದಿತು. ಮೂವರೂ ಬಗ್ಗಿ ಕೆಳಗೆ ನೋಡಿದರು. ಮಣ್ಣು ಒಣಗೇ ಇತ್ತು. ಬಂದೇಸಾಬ ಒಮ್ಮೆ ಚಪ್ಪಾಳೆ ಹೊಡೆದು, ನಾಚಿಕೊಂಡು ಒಳಗೆ ಹೋದ.

ಮುಕ್ತಾಯ ಅ

ಅವರು ಮುಟ್ಟುವಷ್ಟರಲ್ಲಿ ತಡವಾಗಿತ್ತು.

“ಒಮ್ಮೆ ಆಗ್ಯದ,” ಅಂದರು ಗೋಪಿಕಾಬಾಯಿ. “ಮತ್ತೊಮ್ಮೆ ಬರೀಲಿಕ್ಕೆ ನಿನಗ ಕೈಯರ ಹ್ಯಾಂಗ ಬಂತು?”

ಬರಲಿಲ್ಲ. ಹೊಡೆದುಹಾಕಿದೆ.

ಮುಕ್ತಾಯ ಆ

ಖಲಂದರ ಹಿರೇಕೆರೂರಿನ ಓಣಿಯಲ್ಲಿ ನಿಂತು, ಮನುಷ್ಯರೆಲ್ಲ ಒಂದೇ ಎಂದು...

“ನನಗ ಹಸಿವಾಗೇತ್ರಿ,” ಅಂದ ಖಲಂದರ. “ಭಾಷಣ ಬ್ಯಾಡ್ರಿ.”

ಆದದ್ದು

ಚಿಕ್ಕೇರೂರಿನಲ್ಲಿ ಒಮ್ಮೆ ನಿಲ್ಲಿಸಿ ಖಲಂದರ ಚೇಂಬರಿನ ಕೆಳಗೆ ಕೈಯಾಡಿಸಿದ. “ಬೆವತೈತಿ ಅಷ್ಟರಿ,” ಅಂದ. ದೀಪ ಹಚ್ಚುವ ಹೊತ್ತಿಗೆ ಹಿರೇಕೆರೂರು. ಪದ್ಮಾ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಸಿ ಮೆತ್ತಿದ ಅವ್ವನ ಮುಖ ನೋಡಿ ಅವಳಿಗೆ ಮೊದಲು ನಗು ಬಂತು, ಆಮೇಲೆ ಅಳು.

“ಬಂದ್ಯಾ ಅವ್ವಾ?”

“ಬಂದೆ. ಮುಟ್ಟಬ್ಯಾಡ, ಸ್ನಾನ ಮಾಡಿ ಬರ್ತೇನಿ,” ಅಂದರು ಗೋಪಿಕಾಬಾಯಿ. ಅಷ್ಟರಲ್ಲಿ ಪದ್ಮಾ ತಬ್ಬಿಕೊಂಡಾಗಿತ್ತು. ಅವರೂ ಬಿಡಿಸಿಕೊಳ್ಳಲಿಲ್ಲ.

ಮರುದಿನ ಮಧ್ಯಾಹ್ನ ಹೆಣ್ಣು ಕೂಸು. ಹೊರಗೆ ಕಟ್ಟೆಯ ಮೇಲೆ ಕೂತ ಖಲಂದರನಿಗೂ ಕೇಳುವಷ್ಟು ಜೋರಾಗಿ ಅತ್ತಿತು. ನೀರು ನೆರೆಮನೆಯ ಮಡಕೆಯಲ್ಲಿ ಕಾಯಿತು, ಬೆಚ್ಚಗೇ ಇತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಅವರು ಬಿಡಬೇಕಲ್ಲ! ಬಾಣಂತನ ಮುಗಿಸಿ ಸವಣೂರಿಗೆ ಹೊರಟ ದಿನ ಗೋಪಿಕಾಬಾಯಿ, ಕರೆದೊಯ್ಯಲು ಮತ್ತೆ ಬಂದಿದ್ದ ಖಲಂದರನ ಕಾರು ಹತ್ತಿ ಕೂತರು.

“ಮಾಸೂರಿನ ಕಡೆ ಮದಗದ ಕೆರಿ ಅದ ಅಂತಲ್ಲ, ಖಲಂದರ. ಭಾಳ ದೊಡ್ಡದಂತ. ನಾ ನೋಡಿಲ್ಲ.”

“ಮಾಸೂರು ಹಿಂದಕಾತ್ರೀ ಬಾಯಾರ. ನಮ್ಮ ದಾರಿ ಈ ಕಡೆ.”

“ಆಗ್ಲಿ. ಇವತ್ತ ನನಗೇನೂ ಅವಸರ ಇಲ್ಲ.”

ಖಲಂದರ ನಕ್ಕು ಕಾರು ತಿರುಗಿಸಿದ. ನಾನು ಹಿಂದಿನಿಂದ ಕೂಗಿದೆ: ಕತೆ ಮುಗಿದಿದೆ, ಕೆರೆಯ ಬಗ್ಗೆ ನಾನೇನೂ ಬರೆದಿಲ್ಲ, ಅಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ! ಗೋಪಿಕಾಬಾಯಿ ಕಿಟಕಿಯಿಂದ ಕೈ ಹೊರಗೆ ಹಾಕಿದರು. ನನಗೆ ಬಾ ಅಂದರೋ, ಸಾಕು ಹೋಗು ಅಂದರೋ, ಸುಮ್ಮನೆ ಗಾಳಿಗೆ ಹಿಡಿದರೋ ತಿಳಿಯಲಿಲ್ಲ. ಕಾರು ಏರು ಹತ್ತುತ್ತಿತ್ತು. ಖಲಂದರ ಅದರ ಜೊತೆ ಏನೋ ಮಾತಾಡುತ್ತಿದ್ದ, ಅವರೂ ನಡುನಡುವೆ ದನಿ ಸೇರಿಸುತ್ತಿದ್ದರು