ತೊಟ್ಟಿಲಿನ ಸುತ್ತ ಬೂದಿ

ಆ ಮನೆತನದಲ್ಲಿ ‘ನನ್ನದು’ ಎಂಬ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಹೊಲ ಒಂದು, ಕಣಜ ಒಂದು, ಒಲೆ ಒಂದು. ಸೊಸೆಯರ ಸೀರೆಗಳೂ ಒಂದೇ ಪೆಟ್ಟಿಗೆಯಲ್ಲಿ. ಮೊದಲು ಎದ್ದವಳಿಗೆ ಒಳ್ಳೆಯದು, ಸೋಮಾರಿಗೆ ಹರಕು. ತವರಿನಲ್ಲಿ ಒಬ್ಬಳೇ ಮಗಳಾಗಿ ಮೆರೆದ ಕಿರಿಸೊಸೆಗೆ ಇದು ನುಂಗಲಾರದ ತುತ್ತಾಯಿತು.

“ಏನಾದ್ರೂ ಬೇರೆ ಬೇಕು ಅನ್ಸಿದ್ರೆ, ಅದರ ಸುತ್ತ ಒಲೆ ಬೂದಿಲಿ ಗೆರೆ ಎಳ್ಕೋ. ಯಾರೂ ಮುಟ್ಟಲ್ಲ,” ಎಂದಿದ್ದಳು ಅತ್ತೆ. “ಆದ್ರೆ ಎಳೆದ ಗೆರೆ ಅಳಿಯಲ್ಲ. ನಿಂದೇ ಆದ ಇನ್ನೊಂದರ ಸುತ್ತಕ್ಕೆ ಸರಿಸ್ಬೋದು, ಅಷ್ಟೆ.”

ಸೀರೆ ಹೋಗಲಿ ಎಂದು ಅವಳು ಹಲ್ಲು ಕಚ್ಚಿಕೊಂಡಳು. ಆದರೆ ಹೆತ್ತ ಕೂಸು ತನ್ನ ತೊಡೆ ಬಿಟ್ಟು ಓರಗಿತ್ತಿಯ ಹಾಲು ಕುಡಿದು ನಕ್ಕಾಗ ಹೊಟ್ಟೆಗೆ ಬೆಂಕಿ ಬಿತ್ತು. ಅಂದೇ ತೊಟ್ಟಿಲಿನ ಸುತ್ತ ಬೂದಿ ಸುರಿದಳು.

ಆಮೇಲೆ ಯಾರೂ ಮಗುವನ್ನು ಎತ್ತಲಿಲ್ಲ. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಆದರೆ ಮಗು ಕಿರುಚಿ ಅತ್ತರೂ ಯಾರೂ ತಲೆ ಎತ್ತುತ್ತಿರಲಿಲ್ಲ. ಓರಗಿತ್ತಿ ತೊಟ್ಟಿಲ ಪಕ್ಕವೇ ಕೂತು ಅಕ್ಕಿ ಆರಿಸುತ್ತಿದ್ದಳು. ಕೊಟ್ಟಿಗೆಯಿಂದ ಯಾರೋ ಕೆಮ್ಮುವುದು ಕೂಡ ಆಗಿನಿಂದಲೇ ಅವಳಿಗೆ ಕೇಳತೊಡಗಿತು.

“ಕೊಟ್ಟಿಗೇಲಿ ಯಾರಕ್ಕ ಕೆಮ್ಮೋದು?”

“ಅಲ್ಲಿ ಎತ್ತು ಬಿಟ್ರೆ ಯಾರಿದ್ದಾರೆ? ಮಾವನ ತಮ್ಮ ಒಬ್ರು ಇದ್ರಂತೆ, ಎತ್ತು ನಂದು ಅಂತ ಗೆರೆ ಎಳ್ಕೊಂಡ್ರಂತೆ. ನಾನಂತೂ ನೋಡಿಲ್ಲ.”

ಒಂದು ಮಧ್ಯಾಹ್ನ ಮಗುವಿನ ಮೈ ಕೆಂಡವಾಯಿತು. ಜ್ವರಕ್ಕೆ ಯಾವ ಬೇರು ಅರೆಯಬೇಕೆಂಬುದು ಅತ್ತೆಗೊಬ್ಬಳಿಗೇ ಗೊತ್ತು. ಕಿರಿಸೊಸೆ ಓಡಿಹೋಗಿ ಅವಳ ಕಾಲು ಹಿಡಿದಳು.

“ಅತ್ತೆ, ಮಗು ಸುಡ್ತಿದೆ.”

ಅತ್ತೆ ಅವಳ ತಲೆ ಸವರಿದಳು. “ಯಾವ ಮಗುನಮ್ಮ?”

ಗಂಡನೂ ಅದನ್ನೇ ಕೇಳಿದ. ಬೂದಿಯನ್ನು ಸರಿಸಬೇಕು, ಆದರೆ ಯಾವುದರ ಸುತ್ತ? ಹುಡುಕಿದರೆ ಆ ಮನೆಯಲ್ಲಿ ಅವಳದೆನ್ನುವ ಒಂದು ಸೂಜಿಯೂ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅಳುತ್ತಲೇ ಬೂದಿಯನ್ನೆಲ್ಲ ಬಳಿದು ತನ್ನ ಪಾದಗಳ ಸುತ್ತ ಸುರಿದುಕೊಂಡಳು.

ಮನೆಗೆ ಮನೆಯೇ ತೊಟ್ಟಿಲ ಕಡೆ ತಿರುಗಿತು. “ಅಯ್ಯೋ ಕಂದ,” ಎನ್ನುತ್ತ ಅತ್ತೆ ಎತ್ತಿಕೊಂಡಳು. ಒಬ್ಬರು ಬೇರು ತಂದರು, ಇನ್ನೊಬ್ಬರು ಹಣೆಗೆ ಒದ್ದೆ ಬಟ್ಟೆ ಇಟ್ಟರು. ಸಂಜೆಗೆ ಜ್ವರ ಇಳಿದು ಮಗು ಹಾಲಿಗೆ ಬಾಯಿ ಮಾಡಿತು.

“ಕೊಡಿ ಅತ್ತೆ,” ಎಂದು ಅವಳು ಕೈ ಚಾಚಿದಳು.

ಅತ್ತೆ ಅವಳ ಕೈಯನ್ನು ದಾಟಿ ಮಗುವನ್ನು ಓರಗಿತ್ತಿಗೆ ಕೊಟ್ಟಳು. “ನೀನೇ ಕುಡಿಸಮ್ಮ. ಹೆತ್ತೋಳು ಯಾರೋ ಏನೋ, ಪಾಪ.”

ಕೊಟ್ಟಿಗೆಯಲ್ಲಿ ಹುಲ್ಲಿನ ಮೇಲೆ ಕೂತಿದ್ದ ಮುದುಕ ಕೆಮ್ಮುತ್ತ ಅವಳಿಗೆ ಜಾಗ ಬಿಟ್ಟ.

“ಬಾ ತಾಯಿ. ನಂದು ಒಂದು ಎತ್ತಿತ್ತು,” ಎಂದ. “ನಿಂದೇನಿತ್ತು?”