ಹೊಡೆಯುತ್ತಿರುವಾಗ ಕರೆಯಬೇಡ

ದೋನ್ ಸಿರಿಲೊನ ಇಬ್ಬರು ಗಂಡುಮಕ್ಕಳೂ ಬೇಸ್‌ಬಾಲ್ ಬ್ಯಾಟು ಹಿಡಿದೇ ಹೊಟ್ಟೆ ಹೊರೆದವರು. ಇಬ್ಬರೂ ಆಟ ಕಲಿತದ್ದು ಒಂದೇ ಅಂಗಳದಲ್ಲಿ, ಒಂದೇ ಪೊರಕೆ ಕೋಲಿನಲ್ಲಿ. ಸಕ್ಕರೆ ಗಿರಣಿಯ ಕೆಲಸ ಮುಗಿಸಿ ಬಂದ ಸಿರಿಲೊ ನೀರಿನ ಕ್ಯಾನಿನ ಮುಚ್ಚಳವನ್ನು ಗಾಳಿಯಲ್ಲಿ ತೇಲಿಸಿ ಎಸೆಯುತ್ತಿದ್ದ, ಮಕ್ಕಳು ಸರದಿಯ ಮೇಲೆ ಬೀಸುತ್ತಿದ್ದರು. ಕಲಿಸಿದವ ಒಬ್ಬನೇ ಆದರೂ ಕಲಿತವರು ಉತ್ತರ ದಕ್ಷಿಣವಾದರು. ದೊಡ್ಡವ ಅನ್ಸೆಲ್ಮೊ ಕಾಯುವವ. ಮುಚ್ಚಳ ಒಂದು ಗೇಣು ಆಚೆ ಹೋದರೂ ಕೋಲು ಅಲುಗಿಸುತ್ತಿರಲಿಲ್ಲ. ಚಿಕ್ಕವ ಅರಿಸ್ಮೆಂಡಿ, ಮನೆಯವರ ಬಾಯಲ್ಲಿ ಮೆಂಡಿ, ಕಣ್ಣಿಗೆ ಬಿದ್ದದ್ದಕ್ಕೆಲ್ಲ ಬೀಸುವವ. ಒಮ್ಮೆ ಮುಚ್ಚಳದ ಜೊತೆಗೆ ಸಿರಿಲೊನ ತಂಗಿ ಎಮೆರಿಟಾ ಅತ್ತೆ ಒಣಹಾಕಿದ್ದ ಬಟ್ಟೆಯ ಹಗ್ಗವನ್ನೂ ಕೆಡವಿ ಒದೆ ತಿಂದಿದ್ದ.

ನಮ್ಮ ಸಾನ್ ಪೆದ್ರೊ ಊರಿನ ಆ ಬೀದಿಯಲ್ಲಿ ಬಾದಾಮಿ ಮರದ ಕೆಳಗೆ ಡಾಮಿನೊ ಆಡುವ ಗಂಡಸರಿಗೆ ಈ ಇಬ್ಬರನ್ನು ತೂಗಿ ನೋಡುವುದೇ ಕಸುಬು.

"ಅನ್ಸೆಲ್ಮೊ ಕಣ್ಣು ಅಂದ್ರೆ ಕಣ್ಣಪ್ಪಾ. ಕೆಟ್ಟ ಬಾಲ್ ಮುಟ್ಟಿದ್ದನ್ನ ಯಾರಾದ್ರೂ ನೋಡಿದೀರಾ?"

"ಒಳ್ಳೇದನ್ನ ಮುಟ್ಟಿದ್ದೂ ನೋಡಿಲ್ಲ ಬಿಡು. ಅಮೇರಿಕದೋರು ಇಲ್ಲಿಗೆ ಬರೋದು ಹೊಡೆಯೋರನ್ನ ನೋಡೋಕೆ ಮಾರಾಯ, ನಡೆಯೋರನ್ನಲ್ಲ."

ನಡೆಯುವುದೆಂದರೆ, ಪಿಚರ್ ನಾಲ್ಕು ಕೆಟ್ಟ ಚೆಂಡು ಎಸೆದು, ಬ್ಯಾಟುಗಾರ ಅವನ್ನು ಮುಟ್ಟದೆ ಬಿಟ್ಟರೆ ಪುಕ್ಕಟೆಯಾಗಿ ಮೊದಲ ಬೇಸಿಗೆ ಹೋಗಬಹುದು. ಅನ್ಸೆಲ್ಮೊ ಹೀಗೆ ನಡೆದು ನಡೆದೇ ಅಮೇರಿಕದ ಸಣ್ಣ ಲೀಗುಗಳಲ್ಲಿ ಕೆಲವು ವರ್ಷ ಉಳಿದಿದ್ದ. ಕೊನೆಗೆ, ಬ್ಯಾಟು ಹೆಗಲ ಮೇಲಿಟ್ಟುಕೊಂಡು ಮೂರನೇ ಸ್ಟ್ರೈಕನ್ನು, ಅಂದರೆ ಔಟಾಗಿಸುವ ಒಳ್ಳೆ ಚೆಂಡನ್ನು, ನೋಡುತ್ತಾ ನಿಲ್ಲುತ್ತಾನೆ ಎಂದು ಮನೆಗೆ ಕಳಿಸಿದರು. ಈಗ ಒಂದು ಗ್ಯಾರೇಜಿನಲ್ಲಿ ಕೆಲಸ. ಮೆಂಡಿಯನ್ನೂ ಅಮೇರಿಕದವರು ಹೋದ ವರ್ಷ ಕೈಬಿಟ್ಟಿದ್ದರು, ಕಾರಣ ಮಾತ್ರ ತದ್ವಿರುದ್ಧ. ಕಾಲ ಬುಡಕ್ಕೆ ಬಿದ್ದ ಚೆಂಡಿಗೂ ಬೀಸುತ್ತಾನಂತೆ. ಚಳಿಗಾಲದ ಲೀಗಿನಲ್ಲಿ ಆಡಲು ಅವನು ಮೆಕ್ಸಿಕೊಗೆ ಹೋದ.

ಹೋದವನು ಹೊಡೆಯಲು ಶುರುಮಾಡಿದ. ಚೆಂಡು ಹೊಡೆದು ಔಟಾಗದೆ ಬೇಸು ತಲುಪಿದರೆ ಅದು ಹಿಟ್. ಒಂದು ಆಟದಲ್ಲಿ ಹಿಟ್, ಮರುದಿನ ಹಿಟ್, ಅದರ ಮರುದಿನವೂ ಹಿಟ್. ಹೀಗೆ ಸಾಲು ತುಂಡಾಗದೆ ನಡೆಯುತ್ತಿರುವಾಗ ನಮ್ಮ ಜನಕ್ಕೆ ಹಿಡಿಯುವ ಹುಚ್ಚು ಹೇಳಿ ತೀರದು. ಆಟಗಾರ ಗಡ್ಡ ತೆಗೆಯಬಾರದು, ಒಳಅಂಗಿ ಒಗೆಯಬಾರದು, ಎಷ್ಟು ಆಟವಾಯಿತೆಂದು ಯಾರೂ ಬಾಯಿಬಿಟ್ಟು ಎಣಿಸಬಾರದು. ಮನೆಯಲ್ಲಿ ಯಾರೂ ಏನನ್ನೂ ಕದಲಿಸಬಾರದು. ಬಾದಾಮಿ ಮರದ ಕೆಳಗಿನವರು ಕೂಡ ಕೂತ ಕುರ್ಚಿ ಬದಲಾಯಿಸುವುದನ್ನು ನಿಲ್ಲಿಸಿದರು. ಆಗಲೇ ಡಾಕ್ಟರು ಅನ್ಸೆಲ್ಮೊನನ್ನು ಆಸ್ಪತ್ರೆಯ ಕಾರಿಡಾರಿಗೆ ಕರೆದು, ನಿಮ್ಮಪ್ಪನ ಎದೆಯಲ್ಲಿ ಇನ್ನು ಹೆಚ್ಚು ಉಸಿರು ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ, ಬರಬೇಕಾದವರನ್ನು ಬರಹೇಳಿ ಎಂದರು.

ಬರಬೇಕಾದವನು ಒಬ್ಬನೇ ಇದ್ದ. ಅನ್ಸೆಲ್ಮೊ ಆ ಸಂಜೆಯೇ ಹಾಸಿಗೆಯ ಪಕ್ಕ ಕೂತು ಕೇಳಿದ.

"ಮೆಂಡೀನ ಕರೆಸ್ಲಾ ಅಪ್ಪ?"

ಮುದುಕ ಕೆಮ್ಮು ಸುಧಾರಿಸಿಕೊಂಡು ನಕ್ಕ. "ಹೊಡೀತಿರೋವಾಗ ಕರೀಬೇಡ. ಅವನ ಕೈ ನಂಗೊತ್ತಿಲ್ವಾ? ಸಿಕ್ಕಿದ್ದಕ್ಕೆಲ್ಲ ಬೀಸೋನದು ಎಷ್ಟು ದಿನ ನಡೆಯತ್ತೆ? ಇವತ್ತೋ ನಾಳೆಯೋ ನಿಲ್ಲತ್ತೆ. ನಿಂತ ತಕ್ಷಣ ಕರಿ."

ಅದು ನಿಲ್ಲಲಿಲ್ಲ. ಮೆಕ್ಸಿಕೊದಲ್ಲಿ ಆಟ ನಡೆಯುವ ಹೊತ್ತಿಗೆ ಇಲ್ಲಿ ಮುದುಕನಿಗೆ ಔಷಧಿಯ ನಿದ್ದೆ. ಅನ್ಸೆಲ್ಮೊ ಕಿವಿಗೆ ಫೋನು ಒತ್ತಿಕೊಂಡು ಕಾಮೆಂಟರಿ ಕೇಳುತ್ತಿದ್ದ. ಬೆಳಿಗ್ಗೆ ಎಮೆರಿಟಾ ಅತ್ತೆ ಕಾಫಿ ತರುವ ಮೊದಲೇ ಅಪ್ಪ ಕಣ್ಣುಬಿಟ್ಟು ಕೇಳುತ್ತಿದ್ದ.

"ಹೊಡೆದ್ನಾ?"

"ಹೊಡೆದ ಅಪ್ಪ! ಮೊದಲ್ನೇ ಬಾಲ್‌ಗೇ. ಮೂಗಿನ ಮಟ್ಟಕ್ಕೆ ಬಂದಿತ್ತಂತೆ, ನಾನಾಗಿದ್ರೆ ಬಿಟ್ಬಿಡ್ತಿದ್ದೆ. ಅವನು ಎಳೆದು ಬಲಗಡೆಗೆ ಹಾಕ್ಬಿಟ್ಟ."

"ಹೂಂ," ಎನ್ನುತ್ತಿದ್ದ ಅಪ್ಪ.

ಅನ್ಸೆಲ್ಮೊ ದಿನವೂ ಆ ಹೊಡೆತವನ್ನು ಬಣ್ಣ ಕಟ್ಟಿ ಹೇಳುತ್ತಿದ್ದ. ಚೆಂಡು ಎಲ್ಲಿ ಬಿತ್ತು, ತಮ್ಮ ಮೊಣಕೈ ಹೇಗೆ ಮಡಿಸಿದ, ತಾನಾಗಿದ್ದರೆ ಏನು ಮಾಡುತ್ತಿದ್ದೆ. ಅಪ್ಪ ಸಾಯುವ ಹೊತ್ತಿಗೆ ಅವನಿಗೆ ಕೊಡಲು ತನ್ನ ಕೈಯಲ್ಲಿ ಇಷ್ಟು ಸಂತೋಷವಾದರೂ ಇದೆಯಲ್ಲ ಎಂದು ಅವನಿಗೆ ಸಮಾಧಾನ. ನಿಜ ಹೇಳಬೇಕೆಂದರೆ ಅವನಿಗೇ ಅದರ ಅಮಲು ಹತ್ತಿತ್ತು. ತನ್ನ ಬ್ಯಾಟಿನಿಂದ ಆಗದೇ ಹೋದದ್ದು ತಮ್ಮನಿಂದ ಆಗುತ್ತಿತ್ತು, ಅದನ್ನು ಬೀದಿಗೆಲ್ಲ ಹೇಳುವ ಬಾಯಿ ತನ್ನದಾಗಿತ್ತು.

ಮೆಂಡಿ ಮಧ್ಯಾಹ್ನದ ಹೊತ್ತು ಫೋನು ಮಾಡುತ್ತಿದ್ದ. ಅನ್ಸೆಲ್ಮೊ ಅದನ್ನು ಹಿಡಿದು ಬೀದಿಯ ತುದಿಗೆ ನಡೆಯುತ್ತಿದ್ದ, ಕೆಮ್ಮು ಆ ಕಡೆಗೆ ಕೇಳಿಸಬಾರದೆಂದು.

"ಅಪ್ಪಂಗೆ ಕೊಡೋ."

"ಮಲ್ಗಿದಾನೆ ಕಣೋ. ಸ್ವಲ್ಪ ಕೆಮ್ಮು, ಅಷ್ಟೇ. ನೀನು ಹೊಡಿ. ನಿನ್ನ ಸುದ್ದಿ ಕೇಳಿದ್ರೆ ಅರ್ಧ ಕಾಯಿಲೆ ವಾಸಿಯಾಗತ್ತೆ ಅವನಿಗೆ."

"ಯಾವಾಗ ಮಾಡಿದ್ರೂ ಮಲ್ಗಿರ್ತಾನಲ್ಲೋ!"

"ನಿನ್ ಥರ ಕೋತಿಯಾ ಅವನು, ಮರ ಮರ ಹಾರೋಕೆ? ವಯಸ್ಸಾಯ್ತು. ಸ್ನಾನ ಮಾಡ್ದೆ ನಾರ್ತಿದೀಯ ತಾನೇ? ಹಾಗೇ ಇರು."

ಆ ಕಡೆಯಿಂದ ಮೆಂಡಿಯ ನಗು ಬರುತ್ತಿತ್ತು. ದಿನ ಕಳೆದಂತೆ ಆ ನಗು ಸಣ್ಣದಾಗುತ್ತಾ ಬಂತು. ಅನ್ಸೆಲ್ಮೊ ಅದು ದಣಿವು ಎಂದುಕೊಂಡ.

ಒಂದು ಬೆಳಿಗ್ಗೆ ಅಪ್ಪ ಮಾಮೂಲಿನಂತೆ ಕೇಳಿದಾಗ ಅನ್ಸೆಲ್ಮೊ ಉತ್ತರಕ್ಕೆ ತಡವರಿಸಿದ.

"ಹೊಡೀಲಿಲ್ಲ ಅಪ್ಪ."

ಮುದುಕ ಮೊಣಕೈ ಊರಿ ಏಳಲು ನೋಡಿದ. ಎಷ್ಟೋ ದಿನದಿಂದ ಏಳದವನು. ಕಣ್ಣು ಅರಳಿತ್ತು. "ಹೊಡೀಲಿಲ್ವಾ? ನಿಂತುಹೋಯ್ತಾ?"

"ಎಲ್ಲಿ ನಿಲ್ಲತ್ತೆ!" ಅನ್ಸೆಲ್ಮೊ ತೊಡೆ ತಟ್ಟಿದ. "ಪಿಚರ್‌ಗಳೆಲ್ಲ ಹೆದರಿಬಿಟ್ಟಿದಾರೆ ಅಪ್ಪ. ನಾಲ್ಕು ಸಲ ಬ್ಯಾಟಿಗೆ ಬಂದ, ನಾಲ್ಕು ಸಲಾನೂ ದೂರ ದೂರ ಎಸೆದು ನಡೆಸ್ಬಿಟ್ರು. ನಮ್ ಮೆಂಡಿ, ನಾಲ್ಕು ಸಲ ನಡೆದ ಅಂದ್ರೆ ನಂಬ್ತೀಯಾ? ಎಲ್ಲಾ ಸಲಾನೂ ನಡೆದ್ರೆ ಆ ಆಟ ಲೆಕ್ಕಕ್ಕಿಲ್ಲ, ನಿಂಗೇ ಗೊತ್ತಲ್ಲ. ಸಾಲು ಹಾಗೇ ಇದೆ!"

"ಗೊತ್ತು," ಎಂದ ಸಿರಿಲೊ. ಮೆಲ್ಲನೆ ದಿಂಬಿಗೆ ಒರಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಕಾಫಿ ಬಂತು, ಕುಡಿಯಲಿಲ್ಲ.

ಎಮೆರಿಟಾ ಅತ್ತೆ ಅನ್ಸೆಲ್ಮೊನ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದಳು.

"ನಿಂಗೆ ತಲೇಲೇನು ಬೂದಿ ತುಂಬಿದ್ಯಾ? ಮುಖ ನೋಡ್ಲಿಲ್ವೇನೋ ಅವನ್ದು? ದಿನಾ ಬೆಳಿಗ್ಗೆ ಹೊಡೆದ್ನಾ ಅಂತ ಕೇಳೋದು ಯಾಕೆ ಅಂದ್ಕೊಂಡಿದೀಯ? ಇಲ್ಲ ಅಂತ ನೀನು ಅಂದ್ರೆ ಮಗ ಬರ್ತಾನೆ ಅಂತ!"

"ಅವನೇ ಅಲ್ವಾ ಅತ್ತೆ ಕರೀಬೇಡ ಅಂದಿದ್ದು?"

"ಎರಡು ದಿನದ ಮಾತು ಅಂದ್ಕೊಂಡು ಅಂದ. ಈಗ ಬಾಯ್ಬಿಟ್ಟು ಕೇಳ್ತಾನಾ? ಅಣ್ಣನ ಜಂಬ ನಂಗೊತ್ತಿಲ್ವಾ? ಮಗನ ಅನ್ನಕ್ಕೆ ಕಲ್ಲು ಹಾಕ್ದ ಅನ್ನಿಸ್ಕೊಂಡು ಸಾಯಲ್ಲ ಅವನು. ಫೋನ್ ಮಾಡು ಈಗ್ಲೇ."

ಅನ್ಸೆಲ್ಮೊ ಫೋನು ಕೈಗೆತ್ತಿಕೊಂಡ. ಆದರೆ ಹಿಂದಿನ ದಿನವಷ್ಟೇ ಮೆಂಡಿ ಹೇಳಿದ್ದ, ಶನಿವಾರ ಅಮೇರಿಕದ ಎರಡು ತಂಡದವರು ತನ್ನನ್ನು ನೋಡಲು ಬರುತ್ತಾರೆಂದು. ಅಂದು ಗುರುವಾರ. ಈ ವಯಸ್ಸಿನಲ್ಲಿ ಮೆಂಡಿಗೆ ಇನ್ನೊಂದು ಕರೆ ಬರುವುದಿಲ್ಲ. ಶನಿವಾರದ ಆಟ ಒಂದು ಮುಗಿಯಲಿ, ಭಾನುವಾರ ಬೆಳಿಗ್ಗೆ ವಿಮಾನ ಹತ್ತಿಸಿದರಾಯಿತು.

"ಎರಡೇ ದಿನ ಅತ್ತೆ. ಅಪ್ಪ ಇವತ್ತು ಎದ್ದು ಕೂರೋಕೆ ನೋಡ್ದ. ನೀನೇ ನೋಡಿದ್ಯಲ್ಲ, ಶಕ್ತಿ ಇದೆ."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಳ್ಳೆ ಬಾಲ್ ಬರ್ಲಿ ಅಂತ ಕಾದು ಕಾದು ಔಟಾದೋನು ನೀನು. ಇನ್ನೂ ಬುದ್ಧಿ ಬಂದಿಲ್ಲ," ಎಂದು ಒಳಗೆ ಹೋದಳು.

ಆ ಮಾತು ಅವನಿಗೆ ನಾಟಿತು. ಆದರೂ ಫೋನು ಮಾಡಲಿಲ್ಲ. ಶುಕ್ರವಾರ ಬೆಳಿಗ್ಗೆ ಅಪ್ಪ ಏನನ್ನೂ ಕೇಳಲಿಲ್ಲ. ಅನ್ಸೆಲ್ಮೊನೇ ಬಗ್ಗಿ, "ಮೆಂಡಿ ಭಾನುವಾರ ಬರ್ತಾನೆ ಅಪ್ಪ," ಎಂದ. ಮುದುಕ ಅವನ ಮುಖವನ್ನೇ ನೋಡಿದ, ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಮಧ್ಯಾಹ್ನ ಅತ್ತೆ ಅನ್ನ, ಬೀನ್ಸ್ ಕಾಳಿನ ಸಾರು ಕಲಸಿ ಬಾಯಿಗಿಡಲು ಹೋದಾಗ ಉಸಿರು ನಿಂತಿತ್ತು.

ಆಗ ಅನ್ಸೆಲ್ಮೊ ಫೋನು ಮಾಡಿದ. ಆ ಕಡೆ ಮೆಂಡಿ ಸುದ್ದಿ ಕೇಳಿದ್ದೇ ಫೋನಿಟ್ಟುಬಿಟ್ಟ. ವಿಮಾನ ಸಿಕ್ಕಿ, ಪನಾಮಾದಲ್ಲಿ ಕಾದು, ಅವನು ಬೀದಿಗೆ ಕಾಲಿಡುವಷ್ಟರಲ್ಲಿ ಶನಿವಾರ ಸಂಜೆಯಾಗಿತ್ತು. ನಮ್ಮ ಸೆಕೆಯಲ್ಲಿ ಹೆಣ ಅಷ್ಟು ಹೊತ್ತು ಇಡುವಂತಿಲ್ಲ, ಬೆಳಿಗ್ಗೆಯೇ ಮಣ್ಣು ಮಾಡಿದ್ದರು. ಅಂಗಳದಲ್ಲಿ ಪ್ರಾರ್ಥನೆ ಮುಗಿಸಿದ ಹೆಂಗಸರು ಬಾಡಿಗೆ ಕುರ್ಚಿಗಳಿಂದ ಎದ್ದು ಒಬ್ಬೊಬ್ಬರಾಗಿ ಅವನ ತಲೆ ಮುಟ್ಟಿ ಹೋದರು. ಗಡ್ಡ ಕೆನ್ನೆ ತುಂಬ ಬೆಳೆದಿತ್ತು, ಅಂಗಿ ಬೆವರು ನಾರುತ್ತಿತ್ತು. ಬಾದಾಮಿ ಮರದ ಕೆಳಗೆ ಯಾರೂ ಆಟದ ಮಾತೆತ್ತಲಿಲ್ಲ.

ಮೆಂಡಿ ಅಪ್ಪನ ಮಂಚದ ಮೇಲೆ ಕೂತ. ಹಾಸಿಗೆ ಆಗಲೇ ಸುತ್ತಿ ಇಟ್ಟಿದ್ದರಿಂದ ಬರಿಯ ಹಲಗೆ. ಅನ್ಸೆಲ್ಮೊ ಬಾಗಿಲಲ್ಲಿ ನಿಂತ.

"ಅಪ್ಪ ನನ್ನ ಕೇಳಿದ್ನಾ ಅಣ್ಣ?"

ನಿನ್ನ ಹಿಟ್ ಕೇಳುತ್ತಾ ನಗುನಗುತ್ತಲೇ ಹೋದ ಎಂಬ ಸುಳ್ಳು ಅನ್ಸೆಲ್ಮೊನ ನಾಲಿಗೆಯ ತುದಿಯಲ್ಲಿತ್ತು. ದಾರಿಯುದ್ದಕ್ಕೂ ಹೆಣದ ಹಿಂದೆ ನಡೆಯುವಾಗ ಅದನ್ನೇ ಹೊಂದಿಸಿಕೊಂಡಿದ್ದ. ತಮ್ಮನ ಮುಖ ನೋಡಿದ ಮೇಲೆ ಅದನ್ನು ಹೇಳಲಾಗಲಿಲ್ಲ.

"ದಿನಾ ಕೇಳ್ದ. ಹೊಡೆದ್ನಾ ಅಂತ. ನಿಂತ್ರೆ ನಿನ್ನ ಕರೆಸ್ಬಹುದು ಅಂತ ಕೇಳ್ತಿದ್ದ, ನಂಗೆ ತಿಳೀಲಿಲ್ಲ ಕಣೋ. ನಾನು ಖುಷಿಯಾಗಿ ಹೊಡೆದ, ಹೊಡೆದ ಅಂತಿದ್ದೆ. ಗುರುವಾರ ಅತ್ತೆ ತಿಳಿಸಿ ಹೇಳಿದ್ಲು. ಆಮೇಲೂ ನಿನ್ನ ಶನಿವಾರಕ್ಕೋಸ್ಕರ ಕಾದೆ." ಅವನಿಗೆ ಅಳು ಬಂತು, ತಡೆಯಲಿಲ್ಲ. "ಬೈಯೋ. ಕಪಾಳಕ್ಕೆ ಕೊಡು ಬೇಕಾದ್ರೆ."

ಮೆಂಡಿ ಕೈ ಎತ್ತಲಿಲ್ಲ, ಬೈಯಲೂ ಇಲ್ಲ. ಹಲಗೆಯ ಮೇಲೆ ಅಂಗೈ ಆಡಿಸಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಕರೆಸೋದು ಬೇಡ ಅಂದ್ಕೋ. ಒಂದೇ ಒಂದ್ಸಲ ಫೋನನ್ನ ಅವನ ಕಿವಿಗೆ ಹಿಡಿಯೋಕೆ ಏನಾಗಿತ್ತು ಅಣ್ಣ?"